ಶೆಲ್ಲು ಡಾಕ್ಟರು ಗಡಿಯಾರ ಸರಿಮಾಡಿದ್ದು

ನಮ್ಮ ಭಾವ ಹಳೆಯ ಕಂಪ್ಯೂಟರುಗಳಿಗೆ ಹೊಸ ಶೆಲ್ಲು, ಅಂದರೆ ಒಳಗಿನ ಪುಟ್ಟ ಬ್ಯಾಟರಿ, ಹಾಕಿಕೊಡುತ್ತಾರೆ. ಆದರೆ ಗಡಿಯಾರ ಮಾತ್ರ ಸರಿಮಾಡಿಕೊಡುವುದಿಲ್ಲ. ಶೆಲ್ಲು ಕೂರಿಸಿ, ಯಂತ್ರ ಚಾಲು ಮಾಡಿ, ತೆರೆಯ ಮೇಲೆ ತಾರೀಖು ಕೇಳುವ ಜಾಗ ಬಂದ ಕೂಡಲೇ ಕೀಬೋರ್ಡನ್ನು ಗಿರಾಕಿಯ ಕಡೆಗೆ ತಳ್ಳಿ, "ನೀವೇ ಹಾಕ್ಕೊಳ್ಳಿ" ಎನ್ನುತ್ತಾರೆ. ಇದೊಂದು ಹುಚ್ಚು ಎಂದು ಗಿರಾಕಿಗಳು ಅಂದುಕೊಳ್ಳುತ್ತಾರೆ. ಕೆಲವರು ಮುಂದುಗಡೆ ಕೂತ ನನ್ನತ್ತ ತಿರುಗಿ, "ಏನಮ್ಮಾ, ನಿಮ್ಮ ಭಾವನಿಗೆ ತಾರೀಖೇ ಗೊತ್ತಿಲ್ವಾ?" ಎಂದು ಕೇಳುವುದುಂಟು. "ಅವರಿಗೆ ಮದುವೆಯಾದ ತಾರೀಖೇ ನೆನಪಿರಲ್ಲ, ಇವತ್ತಿಂದು ಎಲ್ಲಿ ಬಂತು" ಎಂದು ನಾನು ನಕ್ಕು ತೇಲಿಸಿಬಿಡುತ್ತೇನೆ. ನಿಜವಾದ ಕಾರಣ ಬೇರೆ. ಅದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಒಂದೇ ಅಂಗಡಿ. ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿಕೊಂಡಿದ್ದೇವೆ. ರಸ್ತೆಯ ಕಡೆ ನನ್ನ ಕನ್ನಡಕದ ಅಂಗಡಿ: ಕಣ್ಣು ಪರೀಕ್ಷೆಯ ಕುರ್ಚಿ, ಗೋಡೆಯಲ್ಲಿ ಅಕ್ಷರದ ಹಲಗೆ, ಗಾಜಿನ ಕಪಾಟಿನಲ್ಲಿ ಫ್ರೇಮುಗಳು. ಹಿಂದುಗಡೆ ಭಾವನ ಸಾಮ್ರಾಜ್ಯ. ಅವರು ನನ್ನ ಅಕ್ಕನ ಗಂಡ. ಮೊದಲು ಒಂದು ದೊಡ್ಡ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿಗೆ ಇದ್ದರು. ಆಫೀಸಿನವರು ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ವರ್ಷವೇ ಇವರನ್ನೂ ಮನೆಗೆ ಕಳಿಸಿದರು. ಇವರು ಬರಿಗೈಯಲ್ಲಿ ಬರದೆ ಆ ಗುಜರಿಯನ್ನೂ ಹೊತ್ತು ತಂದರು. "ಸವತಿ ಅಂದ್ರೆ ಒಬ್ಬಳಾದ್ರೆ ಹೇಗೋ ಹೊಂದ್ಕೊಂಡು ಹೋಗ್ಬಹುದಿತ್ತು, ಇವ್ರು ಲಾರಿ ತುಂಬ ತಂದಿದಾರೆ" ಎಂದು ಅಕ್ಕ ಬಾಗಿಲಲ್ಲೇ ನಿಂತು ಅಂದಿದ್ದಳು. ಅಂದರೂ ಒಂದು ಕೋಣೆ ಖಾಲಿ ಮಾಡಿಕೊಟ್ಟಳು.

ಆ ಹಳೆಯ ಯಂತ್ರಗಳ ಮುಖ್ಯ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ಅದರ ಒಂದು ಮೂಲೆಯಲ್ಲಿ ಹೆಬ್ಬೆರಳ ತುದಿಯಷ್ಟು ಶೆಲ್ಲು ಇರುತ್ತದೆ. ಯಂತ್ರ ಆರಿಸಿದ ಮೇಲೂ ಒಳಗಿನ ಗಡಿಯಾರವನ್ನು ನಡೆಸುವುದು, ಒಂದಿಷ್ಟು ನೆನಪನ್ನು ಕಾಯುವುದು ಅದರ ಕೆಲಸ. ಅದು ಸತ್ತರೆ ಯಂತ್ರಕ್ಕೆ ತಾನು ಯಾರೆಂದೇ ಗೊತ್ತಿರುವುದಿಲ್ಲ. ಚಾಲು ಮಾಡಿದಾಗೆಲ್ಲ ಎಂದೋ ಕಳೆದುಹೋದ ಒಂದು ವರ್ಷದ ಮೊದಲ ದಿನ, ಸೊನ್ನೆ ಗಂಟೆಯಿಂದ ಎಣಿಸತೊಡಗುತ್ತದೆ. ಕೆಲವು ಶೆಲ್ಲುಗಳು ಸುಮ್ಮನೆ ಸಾಯುವುದೂ ಇಲ್ಲ. ಹೊಟ್ಟೆಯೊಡೆದು, ಒಳಗಿನ ರಸ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದು ಹಸಿರು ಕಕ್ಕಿರುತ್ತವೆ. ಭಾವ ಅದನ್ನು ಕಿತ್ತು, ವಿನೆಗರಿನಲ್ಲಿ ತೊಳೆದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ತಿಂದುಹೋದ ಗೆರೆಯ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿ ಕೂರಿಸುತ್ತಾರೆ. ಬ್ರಷ್ಷು ಯಾರದು ಎಂದು ಅಕ್ಕ ಒಂದು ಸಲ ವಿಚಾರಿಸಿದಳು. ಅವತ್ತಿನಿಂದ ತನ್ನದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ.

ಬೀದಿಯಲ್ಲಿ ಎಲ್ಲರೂ ಅವರನ್ನು ಶೆಲ್ಲು ಡಾಕ್ಟ್ರು ಎಂದೇ ಕರೆಯುವುದು. ಹೆಸರು ಬಂದದ್ದು ಚುರುಕಿನಿಂದಲ್ಲ, ನಿಧಾನದಿಂದ. ಯಾವುದಾದರೂ ಯಂತ್ರದ ನೆನಪು ಇನ್ನೂ ಜೀವಂತವಿದ್ದರೆ ಹಳೆಯ ಶೆಲ್ಲನ್ನು ಒಮ್ಮೆಗೇ ಕೀಳುವವರಲ್ಲ ಅವರು. ಮೊದಲು ಪಕ್ಕದಲ್ಲಿ ಬೇರೊಂದು ಬ್ಯಾಟರಿ ಪೆಟ್ಟಿಗೆಯಿಟ್ಟು, ಅದರಿಂದ ಎರಡು ತಂತಿ ಎಳೆದು ಬೆಸೆಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಊರುಗೋಲು. ಊರುಗೋಲು ಸಿಕ್ಕಿದ ಮೇಲೆಯೇ ಹಳೆಯದು ಹೊರಗೆ. ಇನ್ನು, ಯಂತ್ರ ಚಾಲೂ ಇರುವಾಗಲೇ ಬೆಸೆಯಬೇಕಾಗಿ ಬಂದರೆ ಅವರದೊಂದು ಪದ್ಧತಿ ಇತ್ತು. ಬೆಸುಗೆಯ ಐರನ್ನನ್ನು ಚೆನ್ನಾಗಿ ಕಾಯಿಸಿ, ಗೋಡೆಯಿಂದ ಅದರ ಪ್ಲಗ್ಗನ್ನು ಕಿತ್ತು, ಆ ಪ್ಲಗ್ಗನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಬೆಸೆಯುತ್ತಿದ್ದರು. "ಪ್ಲಗ್ ಯಾಕೆ ಭಾವ, ಸ್ವಿಚ್ ಆರಿಸಿದ್ರೆ ಸಾಲದಾ?" ಎಂದು ನಾನು ಒಮ್ಮೆ ಕೇಳಿದ್ದೆ. "ಸ್ವಿಚ್ ಆರಿಸಿದ್ರೆ ಕರೆಂಟ್ ಮಾತ್ರ ನಿಲ್ಲುತ್ತೆ. ಪ್ಲಗ್ಗಿನ ಮೂರನೇ ಕಾಲು ಭೂಮಿಗೆ ಹೋಗೋದು, ಅದು ಹಾಗೇ ಇರುತ್ತೆ. ಐರನ್ನಿನ ಮೂತಿ ಹೋಗಿ ಜೀವ ಇರೋ ತಂತಿಗೆ ತಾಗಿದ್ರೆ ಅಲ್ಲಿರೋದೆಲ್ಲ ಭೂಮಿಗೆ ಹರಿದುಹೋಗುತ್ತೆ. ಪ್ಲಗ್ಗು ನನ್ನ ಕೈಯಲ್ಲೇ ಇದ್ರೆ ನನಗೆ ನನ್ನ ಮೇಲೆ ಅನುಮಾನ ಇರಲ್ಲ" ಎಂದಿದ್ದರು.



ಕಾಲುವೆಯಾಚೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದಿದೆ. ಅಲ್ಲಿಯ ಬಣ್ಣದ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದರು. ಯಾವ ಪುಡಿ ಎಷ್ಟು, ಯಾವ ಬಿಸಿ ಎಷ್ಟು ಹೊತ್ತು ಎಂದು ಹೇಳುವವರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ಉಗುರಿನ ಸಂದಿನಲ್ಲಿ ನೀಲಿ, ಅಂಗಿಯ ತೋಳಿನಲ್ಲಿ ಮಡಿಕೆ ಕೆಡದ ಇಸ್ತ್ರಿ. ಅವರ ಬಣ್ಣದ ಕೋಣೆಯಲ್ಲಿ ಬಣ್ಣ ಬೆರೆಸುವ ಯಂತ್ರವೊಂದಿತ್ತು; ಅದರ ಕಂಪ್ಯೂಟರು ನನ್ನ ಮದುವೆಗಿಂತ ಹಳೆಯದು. ಮೇಷ್ಟ್ರು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹದ ಮಾಡಿದ ಬಣ್ಣಗಳ ಅಳತೆಯೆಲ್ಲ ಅದರೊಳಗೆ. ಕಾಗದದ ಮೇಲೆ ಬರೆದಿಡುವಂತಿಲ್ಲ. ಬರೆದರೆ ಬೇರೆ ಕಾರ್ಖಾನೆಗೆ ಹೋಗಿಬಿಡುತ್ತದೆ ಎಂಬುದು ಮಾಲೀಕರ ಕಟ್ಟಪ್ಪಣೆ.

"ಡಾಕ್ಟ್ರೇ, ಒಳಗಿನ ಶೆಲ್ಲು ಸತ್ತುಹೋಗಿದೆ" ಎಂದರು ಮೇಷ್ಟ್ರು. "ಅದಕ್ಕೇ ನಾವು ಯಂತ್ರ ಆರಿಸೋದೇ ಇಲ್ಲ. ಕರೆಂಟು ಹೋದ್ರೂ ನಿಲ್ಲದ ಹಾಗೆ ಯುಪಿಎಸ್ ಪೆಟ್ಟಿಗೆ ಇಟ್ಟು ಹಗಲೂ ರಾತ್ರಿ ಓಡಿಸ್ತಾ ಇದೀವಿ. ನೀವು ಆರಿಸದೇನೇ ಹೊಸದು ಹಾಕ್ಬೇಕು. ಆಗುತ್ತಾ?"

"ಆಗದೆ ಏನು" ಎಂದರು ಭಾವ. ಅವರ ಮುಖದಲ್ಲಿ ಆಗ ಒಂದು ಬೆಳಕಿತ್ತು. ಇಂಥ ಕೆಲಸ ಸಿಕ್ಕರೆ ಅವರಿಗೆ ಊಟ ಬೇಡ.

ಮರುದಿನ ಬೆಳಿಗ್ಗೆ ಹೋದವರು ಮಧ್ಯಾಹ್ನ ಬಂದರು. ಬಂದವರೇ ಹಿಂದೆ ಹೋಗಿ ಕೂತರು. "ಏನಾಯ್ತು ಭಾವ?" ಎಂದೆ. "ಶೆಲ್ಲು ಹಾಕಿದೆ" ಎಂದರು. "ಮತ್ತೆ ಮುಖ ಯಾಕೆ ಹಿಂಗಿದೆ?" ಎಂದೆ. "ಅಲ್ಲಿ ಮೊದಲೇ ನೆನಪು ಹೋಗಿತ್ತು. ಬೆಳಿಗ್ಗೆ ಮೇಷ್ಟ್ರು ವೈರು ಸರಿಸುವಾಗ ಎಲ್ಲೋ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಛೆ ಪಾಪ ಎಂದು ಗಿರಾಕಿಯ ಕಡೆ ತಿರುಗಿದೆ. ಮೇಷ್ಟ್ರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಬಂತು, ಇಷ್ಟು ವರ್ಷದ್ದನ್ನು ಒಂದು ವೈರು ಎಳೆದು ಕಳೆದುಕೊಂಡರಲ್ಲ ಎಂದು.

ಅದಾದ ಮೇಲೆ ಭಾವ ಬದಲಾದರು. ಸತ್ತ ಬೋರ್ಡಿಗೂ, ಕರೆಂಟೇ ಇಲ್ಲದ ಬೋರ್ಡಿಗೂ ಪ್ಲಗ್ಗು ಕಿತ್ತು ಎಡಗೈಯಲ್ಲಿ ಹಿಡಿದೇ ಬೆಸೆಯತೊಡಗಿದರು. ತಟ್ಟೆಯ ಮುಂದೆ ಕೂತರೆ ಅನ್ನವನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ಏಳುತ್ತಿದ್ದರು. "ನಿನ್ನ ಭಾವನ ಶೆಲ್ಲೇ ಸೋರ್ತಾ ಇರೋ ಹಾಗಿದೆ, ಸ್ವಲ್ಪ ನೋಡೇ" ಎಂದಳು ಅಕ್ಕ. ತಮಾಷೆಗೆ ಅಂದಳೇ ಹೊರತು ಅವಳ ಕಣ್ಣಿನಲ್ಲಿ ತಮಾಷೆಯಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಮೇಷ್ಟ್ರು ಮತ್ತೆ ಬಂದರು. ಈ ಸಲ ಭಾವನ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಅಮ್ಮಾ, ನನ್ನ ಕಣ್ಣು ಒಂದ್ಸಲ ಸರಿಯಾಗಿ ನೋಡಿಬಿಡಿ" ಎಂದು ಕುರ್ಚಿಯಲ್ಲಿ ಕೂತರು. ನಾನು ಗಾಜುಗಳನ್ನು ಬದಲಾಯಿಸುತ್ತಾ ಹೋದಂತೆ ಅವರು ಮಾತಾಡುತ್ತಾ ಹೋದರು. ಅಳತೆಗಳನ್ನು ಕಳೆದದ್ದಕ್ಕೆ ಮಾಲೀಕರು ಅವರನ್ನು ಬಣ್ಣದ ಕೋಣೆಯಿಂದ ತೆಗೆದು ನೂಲಿನ ಲಡಿ ಕಟ್ಟುವ ಕಡೆ ಹಾಕಿದ್ದರು. ಬಣ್ಣ ಹಾಕಿದ ಒದ್ದೆ ನೂಲನ್ನು ನೋಡಿಯೇ ಇದು ಒಣಗಿದರೆ ಹೀಗಾಗುತ್ತದೆ ಎನ್ನುತ್ತಿದ್ದವರು ಈಗ ಒಣಗಿದ ನೂಲಿಗೆ ದಾರ ಸುತ್ತುತ್ತಿದ್ದರು.

"ಅದು ಬಿಡಿ, ಲಡಿ ಕಟ್ಟೋದೂ ಕೆಲಸವೇ" ಎಂದರು. "ಅಳತೆಗಳನ್ನ ಮತ್ತೆ ಕೂರಿಸ್ಬಹುದು, ಮಾದರಿ ನೂಲೆಲ್ಲ ಗೋಡೆಮೇಲೇ ನೇತಾಡ್ತಾ ಇದೆ. ಮಾಲೀಕರೂ ಆಮೇಲೆ, ಮಾಡಿ ಅಂದ್ರು. ನನಗೇ ಧೈರ್ಯ ಬರ್ತಾ ಇಲ್ಲ. ಅವತ್ತು ಡಾಕ್ಟ್ರಿಗೆ ಜಾಗ ಬೇಕು ಅಂತ ಯುಪಿಎಸ್ಸಿನ ಪ್ಲಗ್ಗನ್ನ ಆಚೆ ಸಾಕೆಟ್ಟಿಗೆ ಹಾಕಿದೆ. ಯುಪಿಎಸ್ಸಿನ ಪ್ಲಗ್ಗನ್ನೇ ಕಿತ್ತೆ ಅಂತ ನನ್ನ ಜ್ಞಾಪಕ. ಆದ್ರೆ ಕಂಪ್ಯೂಟರಿನ ವೈರನ್ನೇ ಕಿತ್ತಿರಬೇಕು. ಕಣ್ಣು ಕಾಣಿಸ್ಲಿಲ್ಲವೋ ಏನೋ. ಅದಕ್ಕೇ ಬಂದೆ."

ನಾನು ನನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಎರಡೆರಡು ಸಲ ನೋಡಿದೆ. ಓದುವುದಕ್ಕೆ ಒಂದಿಷ್ಟು ಪವರ್ ಹೆಚ್ಚಾಗಿತ್ತು, ಅಷ್ಟೇ. "ಮೇಷ್ಟ್ರೇ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ" ಎಂದು ಖುಷಿಯಿಂದ ಹೇಳಿದೆ. "ಒಂದು ವೈರು ಬಿಟ್ಟು ಇನ್ನೊಂದು ವೈರು ಹಿಡಿಯೋಷ್ಟು ಮಂಜು ಖಂಡಿತ ಇಲ್ಲ."

ಮೇಷ್ಟ್ರು ಖುಷಿಪಡಲಿಲ್ಲ. "ಹಾಗಾದ್ರೆ ತಲೆಯೇ ಕೆಟ್ಟಿದೆ" ಎಂದರು. "ಕಣ್ಣಾಗಿದ್ರೆ ಎಷ್ಟೋ ಒಳ್ಳೇದಿತ್ತು. ನೋಡಿ ಅಮ್ಮಾ, ಈಗ ಒಲೆ ಆರಿಸಿದೀನಾ ಅಂತ ಮತ್ತೆ ಮತ್ತೆ ಹೋಗಿ ನೋಡ್ತೀನಿ. ಬೀಗ ಹಾಕಿ ಬೀದಿ ತುದಿ ತನಕ ಹೋದವನು ವಾಪಸ್ ಬರ್ತೀನಿ. ಮನೆಯವಳು ಏನೂ ಅನ್ನಲ್ಲ, ಆದ್ರೆ ಕೆಲಸ ಹೇಳೋದೇ ಬಿಟ್ಟಿದಾಳೆ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ನಾನು ಕನ್ನಡಕದ ಚೀಟಿ ಬರೆದುಕೊಟ್ಟೆ. ಹೋಗುವಾಗ ಅವರು ಪ್ಲೈವುಡ್ಡಿನ ಕಡೆ ಕೈ ಮಾಡಿ, "ಡಾಕ್ಟ್ರು ಇಲ್ವಾ? ಅವತ್ತು ಪಾಪ ಅವರೂ ತುಂಬ ನೊಂದ್ಕೊಂಡ್ರು. ನಮಸ್ಕಾರ ಹೇಳಿ" ಎಂದರು. ಭಾವ ಒಳಗೇ ಇದ್ದರು. ತುಟಿ ಪಿಟಕ್ಕೆನ್ನಲಿಲ್ಲ.

ಮೇಷ್ಟ್ರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹಿಂದೆ ಹೋದೆ. ಭಾವನ ಬಲಗೈಯಲ್ಲಿ ಐರನ್ನಿತ್ತು, ಎಡಗೈಯಲ್ಲಿ ಪ್ಲಗ್ಗಿತ್ತು. ಐರನ್ನು ಎಂದೋ ತಣ್ಣಗಾಗಿತ್ತು. ಮುಂದೆ ಬೋರ್ಡೇ ಇರಲಿಲ್ಲ.

"ಏನು ಭಾವ ಇದು? ಆ ಮನುಷ್ಯ ಕರೆದ್ರೆ ಓ ಅನ್ನಬಾರದಾ?"

"ಅವರಲ್ಲ" ಎಂದರು ಭಾವ. "ಅಳಿಸಿದ್ದು ನಾನು."

ಆಮೇಲೆ ಎಲ್ಲ ಹೊರಗೆ ಬಂತು. ಅವರು ಹೋದಾಗ ಬಣ್ಣಗಳ ಅಳತೆಯ ಪಟ್ಟಿ ತೆರೆಯ ಮೇಲೆ ಇತ್ತು. ಕಣ್ಣಾರೆ ಕಂಡಿದ್ದರು. ಯಂತ್ರದ ಪೆಟ್ಟಿಗೆಯನ್ನು ಕೊಳವೆಗಳ ನಡುವೆ ಗೋಡೆಗೆ ಬಿಗಿದಿದ್ದರಂತೆ. ಮುಚ್ಚಳದ ಕೀಲು ಮುರಿದಿದ್ದರಿಂದ ಎಡಗೈಯಲ್ಲಿ ಅದನ್ನು ಎತ್ತಿಹಿಡಿದರೆ ಮಾತ್ರ ಬಲಗೈ ಒಳಗೆ ಹೋಗುತ್ತಿತ್ತು. ಮೇಷ್ಟ್ರು, ನಾನು ಹಿಡಿದುಕೊಳ್ಳಲೇ ಎಂದಿದ್ದರು. ಅಷ್ಟರಲ್ಲಿ ತೊಟ್ಟಿಯ ಕಡೆಯಿಂದ ಯಾರೋ ಅವರನ್ನು ಕೂಗಿದರು. "ನೀವು ಹೋಗಿ ಬನ್ನಿ, ಚಿಟಿಕೆ ಹೊಡೆಯೋಷ್ಟರಲ್ಲಿ ಆಗುತ್ತೆ" ಎಂದು ಭಾವನೇ ಕಳಿಸಿದರು. ಪ್ಲಗ್ಗು ಹಿಡಿಯಲು ಮೂರನೇ ಕೈ ಇರಲಿಲ್ಲ. ಐರನ್ನು ಕಾದಿತ್ತು. ಇದೊಂದು ಸಲ ಎಂದು ಮೊಣಕೈಯಲ್ಲಿ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಗೋಡೆಯಲ್ಲೇ ಬಿಟ್ಟು, ಊರುಗೋಲಿನ ಮೊದಲ ತಂತಿಯನ್ನು ಬೆಸೆಯಲು ಐರನ್ನಿನ ಮೂತಿಯನ್ನು ನೆನಪಿನ ಚಿಪ್ಪಿನ ಕಾಲಿಗೆ ತಾಗಿಸಿದರು. ಚಿಟ್ ಎಂದು ಒಂದು ಸಣ್ಣ ಕಿಡಿ. ತೆರೆ ಕಪ್ಪಾಯಿತು. ಮತ್ತೆ ಹೊತ್ತಿಕೊಂಡಾಗ ಬಣ್ಣದ ಪಟ್ಟಿ ಖಾಲಿಯಿತ್ತು.

"ನೆನಪನ್ನ ಉಳಿಸೋಕೆ ಅಂತ ಕೊಟ್ಟ ಊರುಗೋಲಿಂದಲೇ ಕೊಂದೆ" ಎಂದರು.

"ಕೈತಪ್ಪು ಯಾರಿಗಾಗಲ್ಲ ಭಾವ. ಆಗಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಮೇಷ್ಟ್ರು ಬಂದು ತೆರೆ ನೋಡಿ ಗರಬಡಿದ ಹಾಗೆ ನಿಂತ್ರು. ನಾನು ಬಾಯಿ ತೆರೆಯೋಷ್ಟರಲ್ಲಿ ಅವರೇ ಕೇಳಿದ್ರು, ಬೆಳಿಗ್ಗೆ ನಾನು ವೈರು ಸರಿಸಿದ್ನಲ್ಲ, ಅದರಿಂದ ಹೋಯ್ತಾ ಅಂತ. ನಾನು... ಇರಬಹುದು ಅಂದೆ."

ಇರಬಹುದು! ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೌದು ಎಂದಿಲ್ಲ, ಅಲ್ಲ ಎಂದಿಲ್ಲ, ಒಬ್ಬ ಮನುಷ್ಯ ತನ್ನ ತಲೆಯನ್ನೇ ಅನುಮಾನಿಸುವಂತೆ ಮಾಡಿ ಮನೆಗೆ ಬಂದಿದ್ದಾರೆ. ನನ್ನ ನಾಲಿಗೆ ಮೊದಲೇ ಉದ್ದ. ಅವತ್ತು ಅಂದದ್ದನ್ನೆಲ್ಲ ಇಲ್ಲಿ ಹೇಳುವಂತಿಲ್ಲ. ಭಾವ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಆಮೇಲೆ, "ಇನ್ನೂ ಒಂದಿದೆ" ಎಂದರು.

ತೆರೆಯ ಕೆಳಗಿನ ಮೂಲೆಯಲ್ಲಿ ಗಡಿಯಾರ ಇತ್ತು. ನೆನಪಿನ ಜೊತೆ ಅದೂ ಸತ್ತು ಹುಟ್ಟಿ, ಹಳೆಯ ವರ್ಷದ ಮೊದಲ ದಿನ, ಸೊನ್ನೆ ಗಂಟೆಯಿಂದ ಹೊರಟಿತ್ತು. ಬೆಳಿಗ್ಗೆಯೇ ಮೇಷ್ಟ್ರು ವೈರು ಕಿತ್ತಿದ್ದರೆ ಅದು ಅಷ್ಟು ಹೊತ್ತಿಗೆ ಗಂಟೆಗಟ್ಟಲೆ ಓಡಿರಬೇಕಿತ್ತು. ಆದರೆ ಅದು ತೋರಿಸುತ್ತಿದ್ದುದು ಕೆಲವೇ ನಿಮಿಷ. ನೋಡಿದವರು ಯಾರೇ ಆದರೂ ಕೇಳುತ್ತಿದ್ದರು, ಕೆಲವು ನಿಮಿಷದ ಹಿಂದೆ ಈ ಕೋಣೆಯಲ್ಲಿ ಯಾರಿದ್ದರು ಎಂದು.

"ಮೇಷ್ಟ್ರ ಹೆಜ್ಜೆ ಸಪ್ಪಳ ಕೇಳಿಸ್ತು" ಎಂದರು ಭಾವ. "ನಾನು ಗಡಿಯಾರ ಸರಿಮಾಡಿಬಿಟ್ಟೆ. ಅವತ್ತಿನ ತಾರೀಖು, ಅವತ್ತಿನ ಗಂಟೆ. ರೂಢಿಯಲ್ಲಿ ಕೈ ಹೋಯ್ತು ಅಂತ ಇಷ್ಟು ದಿನ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ನೋಡಿಯೇ ಮಾಡಿದೆ, ಯಾಕೆ ಅಂತ ಗೊತ್ತಿದ್ದೇ ಮಾಡಿದೆ. ಇರಬಹುದು ಅನ್ನೋದು ಆಮೇಲೆ ಬಂತು."

ಎಷ್ಟೋ ವರ್ಷದಿಂದ ಈ ಮನುಷ್ಯ ನಿಂತ ಗಡಿಯಾರಗಳಿಗೆ ಸರಿಯಾದ ಹೊತ್ತು ಹಾಕಿಕೊಂಡು ಬದುಕಿದವರು. ಅವರು ಹೇಳಿದ ಸುಳ್ಳೂ ಅದೇ ಆಗಿತ್ತು. ಮತ್ತೆ ನಾನು ಅವರೊಬ್ಬರನ್ನೇ ದೂರುವುದೂ ಹೇಗೆ? ಮೇಷ್ಟ್ರ ಕಣ್ಣು ಚೆನ್ನಾಗಿದೆ ಎಂದು ಬೀಗಿ, ಅವರ ಕೊನೆಯ ಕುಂಟುನೆಪವನ್ನೂ ಕಿತ್ತುಕೊಂಡು ಕಳಿಸಿದವಳು ನಾನೇ.

ಮರುದಿನವೇ ಭಾವ ಕಾರ್ಖಾನೆಗೆ ಹೋದರು. ಸಂಜೆ ಬಂದಾಗ ಹೋದಾಗಿನದಕ್ಕಿಂತ ಕೆಟ್ಟ ಮುಖ ಹೊತ್ತು ಬಂದರು.

"ಹೇಳಿದ್ರಾ?" ಎಂದಳು ಅಕ್ಕ. ಅವಳಿಗೂ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು.

"ಹೇಳಿದೆ. ಯಾರೂ ನಂಬಲಿಲ್ಲ."

ಮಾಲೀಕರು ನಕ್ಕುಬಿಟ್ಟರಂತೆ. ಶೆಲ್ಲು ಡಾಕ್ಟ್ರ ಕೈಯಲ್ಲಿ ಇಂಥ ತಪ್ಪಾಗುತ್ತದೆಯೇ, ಮೇಷ್ಟ್ರ ಮೇಲಿನ ಕನಿಕರಕ್ಕೆ ತಪ್ಪನ್ನು ತಲೆಮೇಲೆ ಹಾಕಿಕೊಳ್ಳುತ್ತಿದ್ದೀರಿ ಎಂದರಂತೆ. ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ. ಲಡಿಗಳ ನಡುವಿನಿಂದ ಎದ್ದು ಬಂದು ಭಾವನಿಗೆ ಕೈ ಮುಗಿದು, "ನಮ್ಮಂಥವನ ಮರ್ಯಾದೆ ಉಳಿಸೋಕೆ ನಿಮ್ಮ ಹೆಸರು ಕೆಡಿಸ್ಕೋಬೇಡಿ, ಡಾಕ್ಟ್ರೇ. ನಿಮ್ಮ ದೊಡ್ಡತನ ನಾನು ಮರೆಯಲ್ಲ" ಎಂದರಂತೆ. ತೋರಿಸಲು ಇದ್ದ ಒಂದೇ ಒಂದು ಸಾಕ್ಷಿ ಆ ಗಡಿಯಾರ. ಅದನ್ನು ಸರಿಮಾಡಿದವರು ಇವರೇ.

"ನಾನೇನು ಮಾಡ್ಲಿ? ಹೇಳೋದು ಹೇಳಿದ್ದಾಯ್ತು" ಎಂದರು ಭಾವ. ಆ ದನಿಯಲ್ಲಿ ಒಂದು ಸಣ್ಣ ನಿರಾಳ ಇತ್ತು. ಅದು ನನ್ನ ಕಿವಿಗೆ ಬಿತ್ತು.

"ಓಹೋ, ಭಾರ ಇಳೀತೋ?" ಎಂದೆ. "ನಿಮ್ಮದು ಇಳೀತು. ಮೇಷ್ಟ್ರು ಈಗ್ಲೂ ಒಲೆ ಆರಿದೆಯಾ ಅಂತ ನೋಡೋಕೆ ಎದ್ದು ಹೋಗಿರ್ತಾರೆ. ಅದರ ಮೇಲೆ ನಿಮಗೆ ನಮಸ್ಕಾರ ಬೇರೆ. ತಪ್ಪು ಒಪ್ಕೊಳ್ಳೋಕೆ ಹೋಗಿ ದೊಡ್ಡ ಮನುಷ್ಯ ಅನ್ನಿಸ್ಕೊಂಡು ಬಂದಿದೀರಲ್ಲ, ಎಲ್ಲರಿಗೂ ಬರೋ ವಿದ್ಯೆ ಅಲ್ಲ ಇದು!"

ಅಕ್ಕ ನನಗೆ ಸುಮ್ಮನಿರು ಎಂದು ಕಣ್ಣು ಮಾಡಿದಳು. ಆಮೇಲೆ ಗಂಡನಿಗೆ ಅನ್ನ ಬಡಿಸುತ್ತಾ ತಣ್ಣಗೆ ಹೇಳಿದಳು. "ರೀ, ಬಾಯಲ್ಲಿ ಹೇಳಿದ್ದು ನಂಬಲಿಲ್ಲ ಅಂದ್ರೆ ಕೈಯಲ್ಲಿ ಮಾಡಿ ತೋರಿಸಿ. ನೀನೂ ಜೊತೆಗೆ ಹೋಗೇ, ಇಲ್ಲಾಂದ್ರೆ ಇವರು ಗೇಟಿನಿಂದ ವಾಪಸ್ ಬರ್ತಾರೆ."

ಭಾವನ ಗುಜರಿಯಲ್ಲಿ ಅದೇ ಕಾಲದ, ಅದೇ ಜಾತಿಯ ಬೋರ್ಡೊಂದಿತ್ತು. ಅವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದುದು ಅದನ್ನೇ. ತಿಂದುಹೋದ ಗೆರೆಗಳನ್ನು ಒಂದೊಂದಾಗಿ ಕಟ್ಟಿ ಬದುಕಿಸಿದ್ದರು. ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಒಂದು ಪುಟ್ಟ ತೆರೆ, ಕೀಬೋರ್ಡು, ಐರನ್ನು ಎಲ್ಲ ಚೀಲಕ್ಕೆ ತುಂಬಿ ಇಬ್ಬರೂ ಆಟೋ ಹತ್ತಿದೆವು. ಕಾಲುವೆಯ ಸೇತುವೆ ದಾಟುವಾಗ ಭಾವ, "ಕೆಟ್ಟುಹೋದ್ರೆ ಹೋಗ್ಲಿ" ಎಂದರು. ಬೋರ್ಡಿನ ಮಾತೋ ಹೆಸರಿನ ಮಾತೋ, ನಾನು ಕೇಳಲಿಲ್ಲ.

ಲಡಿ ಕಟ್ಟುವ ಉದ್ದನೆಯ ಕೋಣೆಯಲ್ಲಿ ಮೇಜಿನ ಮೇಲೆ ಎಲ್ಲವನ್ನೂ ಹರಡಿದರು. ಮಾಲೀಕರು ಕೈಕಟ್ಟಿ ನಿಂತರು. ದಾರ ಸುತ್ತುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದರು. ಭಾವ ಮೇಷ್ಟ್ರನ್ನು ಮೇಜಿನ ಎದುರಿಗೇ ಕೂರಿಸಿದರು.

"ಮೇಷ್ಟ್ರೇ, ಇದಕ್ಕೂ ಶೆಲ್ಲು ಇಲ್ಲ, ನಿಮ್ಮದರ ಹಾಗೇ. ಕರೆಂಟಿನ ಮೇಲೆ ಬದುಕಿದೆ. ನೀವೇ ಏನಾದ್ರೂ ಹಾಕಿ. ಗಡಿಯಾರನೂ ನೀವೇ ಸರಿಮಾಡಿ."

ಮೇಷ್ಟ್ರು ಒಂದೊಂದೇ ಕೀ ಒತ್ತಿ ಒಂದು ನೀಲಿಯ ಅಳತೆ ಹಾಕಿದರು. ತನಗೆ ಅದು ಇನ್ನೂ ನೆನಪಿದೆ ಎಂದು ಅವರಿಗೇ ಆಶ್ಚರ್ಯವಾದಂತೆ ಕಂಡಿತು. ಗೋಡೆಯ ಗಡಿಯಾರ ನೋಡಿ ಗಂಟೆ ಹಾಕಿದರು. ಐರನ್ನು ಕಾಯಿತು. ಭಾವ ಸ್ವಿಚ್ಚು ಆರಿಸಿದರು. ಪ್ಲಗ್ಗನ್ನು ಗೋಡೆಯಲ್ಲೇ ಬಿಟ್ಟರು. ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಬರಿದಾಗಿ ಮೇಲೆತ್ತಿದರು. "ಅವತ್ತು ಈ ಕೈಯಲ್ಲಿ ಪ್ಲಗ್ಗು ಇರಲಿಲ್ಲ, ಮುಚ್ಚಳ ಇತ್ತು" ಎಂದರು. ಮೂತಿಯನ್ನು ಚಿಪ್ಪಿನ ಕಾಲಿಗೆ ತಾಗಿಸಿದರು.

ಚಿಟ್ ಎಂದಿತು. ತೆರೆ ಕಪ್ಪಾಗಿ ಮತ್ತೆ ಬೆಳಗಿತು. ನೀಲಿಯ ಅಳತೆ ಇರಲಿಲ್ಲ. ಮೂಲೆಯ ಗಡಿಯಾರ ಹಳೆಯ ವರ್ಷದ ಮೊದಲ ದಿನಕ್ಕೆ ಹೋಗಿ ಕೂತು, ಸೊನ್ನೆಯಿಂದ ಒಂದೊಂದೇ ಸೆಕೆಂಡು ಎಣಿಸತೊಡಗಿತು.

ಮೇಷ್ಟ್ರು ಬಗ್ಗಿ ಅದನ್ನೇ ನೋಡಿದರು.

"ಅವತ್ತು ನಾನು ಬಂದಾಗ ಗಡಿಯಾರ ಸರಿಯಾಗಿತ್ತಲ್ಲ, ಡಾಕ್ಟ್ರೇ" ಎಂದರು ನಿಧಾನವಾಗಿ.

"ನಾನು ಸರಿಮಾಡಿದ್ದೆ. ನಿಮ್ಮ ಹೆಜ್ಜೆ ಕೇಳಿ, ನೀವು ನೋಡಬಾರದು ಅಂತ ಸರಿಮಾಡಿದೆ. ಅದಕ್ಕೆ ಮುಂಚೆ ಅದೂ ಹೀಗೇ ಸೊನ್ನೆಯಿಂದ ಹೊರಟಿತ್ತು. ನಾನು ಬಂದಾಗ ನಿಮ್ಮ ಪಟ್ಟಿ ಪೂರ್ತಿ ಇತ್ತು. ನೀವು ಸರಿಯಾದ ವೈರನ್ನೇ ಕಿತ್ತಿದ್ರಿ, ಮೇಷ್ಟ್ರೇ."

ಮಾಲೀಕರು ಕೈಕಟ್ಟು ಬಿಚ್ಚಿದರು. ಮರುವಾರವೇ ಅವರು ಮೇಷ್ಟ್ರನ್ನು ಬಣ್ಣದ ಕೋಣೆಗೆ ಮತ್ತೆ ಕರೆದರು, ಗೋಡೆಯ ಮೇಲಿನ ಮಾದರಿ ನೂಲು ನೋಡಿ ಮೇಷ್ಟ್ರು ಬಣ್ಣಗಳನ್ನು ಒಂದೊಂದಾಗಿ ಕಟ್ಟುತ್ತಾ ಬಂದರು, ಎಲ್ಲವೂ ಇನ್ನೂ ಮುಗಿದಿಲ್ಲ. ಕನ್ನಡಕಕ್ಕೆ ನನ್ನಲ್ಲಿಗೇ ಬರುತ್ತಾರೆ. ಇಸ್ತ್ರಿ ಅಂಗಿ ತೊಟ್ಟು, ಕೂತು ನಾಲ್ಕು ಮಾತಾಡುತ್ತಾರೆ. ಪ್ಲೈವುಡ್ಡಿನ ಕಡೆ ಮಾತ್ರ ನೋಡುವುದಿಲ್ಲ, ನಮಸ್ಕಾರವನ್ನೂ ಹೇಳಿಕಳಿಸುವುದಿಲ್ಲ. ಅವರು ಎದ್ದು ಹೋಗುವ ತನಕ ಆಚೆ ಕಡೆಯಿಂದ ಒಂದು ಸದ್ದೂ ಬರುವುದಿಲ್ಲ.

ಆದರೆ ಅವತ್ತು ಆ ಲಡಿಯ ಕೋಣೆಯಲ್ಲಿ ಮೇಷ್ಟ್ರು ಭಾವನಿಗೆ ಏನೂ ಅನ್ನಲಿಲ್ಲ. ಬೈಯುತ್ತಾರೆ ಎಂದು ಭಾವ ಕಾಯುತ್ತಲೇ ಇದ್ದರು. ಬೈದಿದ್ದರೆ ಅವರಿಗೆ ಎಷ್ಟೋ ಸುಲಭವಾಗುತ್ತಿತ್ತು. ಮೇಷ್ಟ್ರು ಎದ್ದು, ಜೇಬಿನಿಂದ ಫೋನು ತೆಗೆದು, ಕಿಟಕಿಯ ಹತ್ತಿರ ಹೋಗಿ ಮನೆಗೆ ಮಾಡಿದರು. ಅಲ್ಲಿ ಹೆಂಡತಿ ಎತ್ತಿರಬೇಕು.

"ಲೇ, ನಾನು ಕಣೇ" ಎಂದರು. "ಇಲ್ಲ, ಏನೂ ಆಗಿಲ್ಲ. ಒಂದು ಮಾತು ಹೇಳೋಕೆ ಮಾಡಿದೆ. ಅವತ್ತು ಅಳಿಸಿದ್ದು ನಾನಲ್ಲವಂತೆ." ಆ ಕಡೆಯವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಮೇಷ್ಟ್ರು ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇಡೀ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ, "ನಾನಲ್ಲ ಅಂದೆ, ನಾನಲ್ಲವಂತೆ" ಎಂದು ಹೇಳುತ್ತಲೇ ಇದ್ದರು. ಭಾವ ಆಗ ಗೋಡೆಯಿಂದ ಪ್ಲಗ್ಗು ಕಿತ್ತು ಎಡಗೈಯಲ್ಲಿ ಹಿಡಿದುಕೊಂಡರು, ಅದನ್ನು ಚೀಲಕ್ಕೆ ಹಾಕಲು ಮರೆತು ಮನೆಯ ತನಕ ಹಾಗೇ ಹಿಡಿದುಕೊಂಡೇ ಬಂದರು.